1329 ಗೋಲು ಹೊಡೆದ ಫ್ರೀಡೆನ್‌ರೈಶ್: ಇದು ನಿಜಾನಾ, ಕತೆಯಾ?

ಸಂಜೆ ಸ್ಟ್ರೈಕರ್
ಮೊನ್ನೆ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕ್ರೀಡಾ ಕ್ವಿಜ್ ಇಟ್ಟಿದ್ದರು. ಕೊನೆಯ ಪ್ರಶ್ನೆಗೆ ಬರುವಾಗ ನಾವೂ ಬಿ ಬ್ಲಾಕಿನವರೂ ಸಮ ಸಮ. ಪ್ರಶ್ನೆ ಏನು ಗೊತ್ತಾ? ಫುಟ್‌ಬಾಲ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದವರು ಯಾರು? ನಾನು ಹಿಂದೆ ಮುಂದೆ ನೋಡದೆ ಪೆಲೆ ಅಂದೆ. ತಪ್ಪು ಅಂದರು. ಬಿ ಬ್ಲಾಕಿನ ಹಿರಿಯರೊಬ್ಬರು ಕನ್ನಡಕ ಸರಿ ಮಾಡಿಕೊಂಡು, "ಆರ್ತುರ್ ಫ್ರೀಡೆನ್‌ರೈಶ್, 1329" ಅಂದರು. ಚಪ್ಪಾಳೆ. ಒಂದು ಕೆಜಿ ತುಪ್ಪದ ಮೈಸೂರು ಪಾಕು ನನ್ನ ಕಣ್ಣೆದುರೇ ಬಿ ಬ್ಲಾಕಿಗೆ ಹೋಯಿತು.

ರಾತ್ರಿ ಕೂತು ಹುಡುಕಿದೆ. ಒಂದು ಕಡೆ 1329 ಇದೆ. ಇನ್ನೊಂದು ಕಡೆ 1239. ಮತ್ತೊಂದು ಕಡೆ 554! ಒಬ್ಬನೇ ಮನುಷ್ಯನಿಗೆ ಮೂರು ಲೆಕ್ಕ ಹೇಗೆ? 1892ರಲ್ಲಿ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಹುಟ್ಟಿದವರು, 1969ರಲ್ಲಿ ತೀರಿಕೊಂಡರು ಅನ್ನುವುದು ಮಾತ್ರ ಎಲ್ಲ ಕಡೆ ಒಂದೇ ಇದೆ. ತಿಳಿದವರು ಹೇಳಿ. ಮೈಸೂರು ಪಾಕಿನ ವಿಷಯ, ಸುಮ್ನೆ ಬಿಡೋಕಾಗಲ್ಲ.

ರಾಗಿಮುದ್ದೆ
ಹೆಸರು ಹೇಳೋಕೇ ಅರ್ಧ ಗಂಟೆ ಬೇಕು. ಅದನ್ನ ಹೇಳಿದವರಿಗೆ ಮೈಸೂರು ಪಾಕು ಕೊಟ್ಟಿದ್ದು ನ್ಯಾಯವೇ.

ಮೂರನೇ ಪೆನಾಲ್ಟಿ
ಇದೆಲ್ಲ ಬುರುಡೆ. ಆ ಕಾಲದಲ್ಲಿ ಗೋಲ್‌ಕೀಪರ್‌ಗಳು ಕೈಕಟ್ಟಿಕೊಂಡು ನಿಂತಿರುತ್ತಿದ್ದರು. ಐದು ಜನ ಫಾರ್ವರ್ಡ್, ಇಬ್ಬರೇ ಡಿಫೆಂಡರ್. ನಮ್ಮ ಓಣಿ ಹುಡುಗರೂ ಅಲ್ಲಿ 500 ಗೋಲು ಹೊಡೆಯುತ್ತಿದ್ದರು.

ಲೆಕ್ಕದ ಮೇಷ್ಟ್ರು
ಪೆನಾಲ್ಟಿಯವರೇ, ಇಬ್ಬರು ಡಿಫೆಂಡರ್ ಅನ್ನೋದು ಸರಿ. ಆದರೆ ಆಗಿನ ಆಫ್‌ಸೈಡ್ ನಿಯಮ ಗೊತ್ತಾ? 1925ರವರೆಗೆ ಪಾಸ್ ಬರುವ ಹೊತ್ತಿಗೆ ಫಾರ್ವರ್ಡ್‌ಗೂ ಗೋಲ್‌ಲೈನಿಗೂ ನಡುವೆ ಎದುರಾಳಿಗಳು ಮೂರು ಜನ ಇರಬೇಕಿತ್ತು. ಈಗ ಇಬ್ಬರಿದ್ದರೆ ಸಾಕು. ಇಬ್ಬರು ಡಿಫೆಂಡರ್‌ಗಳಲ್ಲಿ ಒಬ್ಬ ನಾಲ್ಕು ಹೆಜ್ಜೆ ಮುಂದೆ ಬಂದರೆ ಸಾಕು, ಎದುರು ಟೀಮಿನ ಐದೂ ಜನ ಫಾರ್ವರ್ಡ್‌ಗಳು ಆಫ್‌ಸೈಡ್. ಫ್ರೀಡೆನ್‌ರೈಶ್ ಆಟ ಶುರು ಮಾಡಿದ್ದು 1909ರಲ್ಲಿ. ಅಂದರೆ ಅವರ ಒಳ್ಳೆಯ ವಯಸ್ಸೆಲ್ಲ ಆ ನಿಯಮದಲ್ಲೇ ಕಳೆಯಿತು. ಚೆಂಡು ತೊಗಲಿನದ್ದು, ಮಳೆ ಬಂದರೆ ನೀರು ಕುಡಿದು ಕಲ್ಲಾಗುತ್ತಿತ್ತು. ಬಾಯಿಗೆ ಲೇಸು ಕಟ್ಟಿರುತ್ತಿದ್ದರು, ಹೆಡ್ ಮಾಡುವಾಗ ಆ ಕಡೆ ತಗುಲಿದರೆ ಹಣೆ ಸೀಳುತ್ತಿತ್ತು. ನಿಮ್ಮ ಓಣಿ ಹುಡುಗರನ್ನು ಒಂದು ಸಲ ಕಳಿಸಿ ನೋಡೋಣ.

ಇನ್ನು ಮೂರು ಲೆಕ್ಕದ ವಿಷಯ. ರಾತ್ರಿ ಊಟ ಆದ ಮೇಲೆ ಬರೆಯುತ್ತೇನೆ.

ರಾಗಿಮುದ್ದೆ
ಮೇಷ್ಟ್ರು ಇಂಟರ್ವಲ್ ಕೊಟ್ಟರು.

ಪಿಲಿ ನಲಿಕೆ
ಅವರಿಗೆ 'ಎಲ್ ಟಿಗ್ರೆ' ಅಂತ ಅಡ್ಡಹೆಸರು ಇತ್ತು ಮಾರಾಯ್ರೆ. ಹುಲಿ! ಉರುಗ್ವೆಯವರೇ ಕೊಟ್ಟ ಹೆಸರಂತೆ. ನಮ್ಮ ಮಂಗಳೂರಿನಲ್ಲಾದರೆ ಪಿಲಿ ಅಂತ ಕರೆದು ದಸರಾಕ್ಕೆ ಬಣ್ಣ ಹಚ್ಚಿ ಕುಣಿಸುತ್ತಿದ್ದರು.

ಹಳೇ ಬೂಟು
ಆ ಹೆಸರು ಬಂದದ್ದು 1919ರ ದಕ್ಷಿಣ ಅಮೆರಿಕ ಚಾಂಪಿಯನ್‌ಷಿಪ್ಪಿನಲ್ಲಿ. ಈಗ ಕೋಪಾ ಅಮೆರಿಕ ಅನ್ನುತ್ತಾರಲ್ಲ, ಅದೇ. 1918ರಲ್ಲೇ ಆಗಬೇಕಿತ್ತು. ಇನ್‌ಫ್ಲುಯೆಂಜಾ ಬಂದು ಒಂದು ವರ್ಷ ಮುಂದೆ ಹೋಯಿತು. (ನಮ್ಮ ಕೊರೊನಾ ಕಾಲದಲ್ಲಿ ಯೂರೋ ಕಪ್ ಒಂದು ವರ್ಷ ಮುಂದೆ ಹೋಯಿತಲ್ಲ, ಹಾಗೆ.) ಆಟ ನಡೆದದ್ದು ರಿಯೊದ ಲಾರಂಜೈರಾಸ್ ಮೈದಾನದಲ್ಲಿ.

ಲೀಗ್ ಮುಗಿದಾಗ ಬ್ರೆಜಿಲ್ ಮತ್ತು ಉರುಗ್ವೆ ಸಮ. ಅವರಿಬ್ಬರ ಲೀಗ್ ಪಂದ್ಯ 2-2. ಹಾಗಾಗಿ ಮೇ 29ಕ್ಕೆ ಇನ್ನೊಂದು ಪಂದ್ಯ ಇಟ್ಟರು. 90 ನಿಮಿಷ ಆಯಿತು, ಗೋಲಿಲ್ಲ. ಅರ್ಧ ಗಂಟೆ ಎಕ್ಸ್‌ಟ್ರಾ ಟೈಮ್, ಆಗಲೂ ಇಲ್ಲ. ಆಗ ಪೆನಾಲ್ಟಿ ಶೂಟೌಟ್ ಎಲ್ಲಿತ್ತು? ಮತ್ತೆ ಅರ್ಧ ಗಂಟೆ ಆಡಿ ಅಂದರು. ಬದಲಿ ಆಟಗಾರರೂ ಇಲ್ಲ, ಅದೇ ಹನ್ನೊಂದು ಜನ. ಎರಡನೇ ಎಕ್ಸ್‌ಟ್ರಾ ಟೈಮ್ ಶುರುವಾದ ಕೂಡಲೇ ಬಲಗಡೆಯಿಂದ ನೆಕೊ ಕ್ರಾಸ್ ಹಾಕಿದ. ಹೈಟೋರ್ ಒದ್ದ. ಉರುಗ್ವೆ ಕೀಪರ್ ಸಪೊರಿಟಿ ತಡೆದ, ಆದರೆ ಹಿಡಿಯೋಕೆ ಆಗಲಿಲ್ಲ. ಆಚೆ ಬಂದ ಚೆಂಡು ನೆಲಕ್ಕೆ ಬೀಳುವ ಮೊದಲೇ ಫ್ರೀಡೆನ್‌ರೈಶ್ ಬಾರಿಸಿದರು. 1-0. ಒಟ್ಟು 150 ನಿಮಿಷದ ಪಂದ್ಯ. ಬ್ರೆಜಿಲ್‌ಗೆ ಅದೇ ಮೊದಲ ದೊಡ್ಡ ಕಪ್. ಆ ಟೂರ್ನಿಯಲ್ಲಿ ನೆಕೊಗೂ ಇವರಿಗೂ ನಾಲ್ಕು ನಾಲ್ಕು ಗೋಲು.

ಆಮೇಲೆ ಅವರ ಬೂಟನ್ನು ರಿಯೊದ ಒಂದು ಒಡವೆ ಅಂಗಡಿಯ ಗಾಜಿನೊಳಗೆ ಇಟ್ಟಿದ್ದರು ಅಂತಾರೆ. ನನ್ನ ಹೆಸರಿಗೆ ಸ್ಫೂರ್ತಿ ಅದೇ. ನನ್ನ ಬೂಟು ಮಾತ್ರ ಬಚ್ಚಲಮನೆ ಹಿಂದೆ ಬಿದ್ದಿದೆ.

ಬೆಂಚಿನ ಹುಡುಗಿ
ಆ ಟೂರ್ನಿಯ ಇನ್ನೊಂದು ಕತೆಯನ್ನು ಯಾರೂ ಹೇಳಲ್ಲ. ಉರುಗ್ವೆಗೆ ರೊಬೆರ್ಟೊ ಚೇರಿ ಅಂತ ಇನ್ನೊಬ್ಬ ಗೋಲ್‌ಕೀಪರ್ ಇದ್ದ. ಚಿಲಿ ವಿರುದ್ಧ ಒಂದು ಚೆಂಡು ತಡೆಯುವಾಗ ಹೊಟ್ಟೆಯೊಳಗೆ ಪೆಟ್ಟಾಯಿತು, ಹರ್ನಿಯಾ. ಫೈನಲ್ ಆದ ಮಾರನೇ ದಿನ ರಿಯೊದಲ್ಲೇ ತೀರಿಕೊಂಡ. ಎರಡು ದಿನ ಬಿಟ್ಟು ಅವನ ಹೆಸರಲ್ಲಿ ಬ್ರೆಜಿಲ್ ಮತ್ತು ಅರ್ಜೆಂಟೀನಾ ಪಂದ್ಯ ಆಡಿದರು. ಬ್ರೆಜಿಲ್‌ನವರು ಹಾಕಿಕೊಂಡದ್ದು ಅವನ ಕ್ಲಬ್ ಪೆನ್ಯರೊಲ್‌ನ ಅಂಗಿ. ಅರ್ಜೆಂಟೀನಾದವರು ಉರುಗ್ವೆ ಅಂಗಿ. 3-3.

ನಾನೂ ಕಾಲೇಜಿನಲ್ಲಿ ಎರಡು ವರ್ಷ ಗೋಲು ಕಾಯ್ದವಳು. ಗೋಲು ಹೊಡೆದವರ ಲೆಕ್ಕ ಎಲ್ಲರೂ ಇಡುತ್ತಾರೆ, ತಡೆದವರದ್ದು ಯಾರು ಇಡ್ತಾರೆ?

ರಾಗಿಮುದ್ದೆ
ಇದನ್ನ ಓದಿ ಜೋಕ್ ಮಾಡೋಕೆ ಮನಸ್ಸು ಬರ್ತಿಲ್ಲ.

ಲೆಕ್ಕದ ಮೇಷ್ಟ್ರು
ಊಟ ಆಯಿತು. ಈಗ ಲೆಕ್ಕ.

ಮೊದಲು ಇದರ ಬುಡ ಎಲ್ಲಿದೆ ನೋಡೋಣ. ಹೇಳುವ ಕತೆ ಹೀಗೆ: ಮಗ ಆಡಲು ಶುರು ಮಾಡಿದಾಗಿನಿಂದ ಅಪ್ಪ ಆಸ್ಕರ್ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಗೋಲು ಬರೆದಿಡುತ್ತಿದ್ದರು. 1918ರ ಸುಮಾರಿಗೆ ಆ ಕೆಲಸವನ್ನು ಮಗನ ಜೊತೆ ಆಡುತ್ತಿದ್ದ ಮಾರಿಯೊ ಡಿ ಆಂದ್ರಾಡಗೆ ವಹಿಸಿದರು. ಅವರು ಕೊನೆಯವರೆಗೂ ಬರೆದರು. ಕೂಡಿದಾಗ ಬಂದದ್ದು 1239. ಒಬ್ಬ ಪತ್ರಕರ್ತನಿಗೆ ಈ ವಿಷಯ ಹೇಳಿದರು, ಕಾಗದ ತೋರಿಸುವ ಮೊದಲೇ ಮಾರಿಯೊ ತೀರಿಕೊಂಡರು, ಆ ಕಾಗದಗಳು ಆಮೇಲೆ ಯಾರ ಕೈಗೂ ಸಿಗಲಿಲ್ಲ. ಅಚ್ಚಾಗುವಾಗ 2 ಮತ್ತು 3 ಅದಲುಬದಲಾಗಿ 1329 ಆಯಿತು. ಅದನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು. ನಿಮ್ಮ ಬಿ ಬ್ಲಾಕಿನವರೆಗೂ ಬಂತು.

ಆಮೇಲೆ ಬ್ರೆಜಿಲ್‌ನ ಸಂಶೋಧಕರು ಹಳೇ ಪೇಪರ್‌ಗಳನ್ನು ಒಂದೊಂದಾಗಿ ತಿರುವಿ ಹಾಕಿದರು. ಸಿಕ್ಕಿದ್ದು 561 ಪಂದ್ಯ, 554 ಗೋಲು. ಇನ್ನೊಂದು ಎಣಿಕೆಯಲ್ಲಿ 562 ಪಂದ್ಯ, 558 ಗೋಲು. ಎರಡೂ ಹತ್ತಿರ ಹತ್ತಿರ ಇವೆ.

ನೀವೇ ಭಾಗಿಸಿ ನೋಡಿ. 1909ರಿಂದ 1935, 26 ವರ್ಷ. 561 ಪಂದ್ಯ ಅಂದರೆ ವರ್ಷಕ್ಕೆ ಇಪ್ಪತ್ತೊಂದು ಇಪ್ಪತ್ತೆರಡು. 1329 ನಿಜವಾಗಬೇಕಾದರೆ ಪ್ರತಿ ಪಂದ್ಯದಲ್ಲೂ ಎರಡಕ್ಕಿಂತ ಜಾಸ್ತಿ ಗೋಲು ಬೇಕು, 26 ವರ್ಷ, ಒಂದು ದಿನ ತಪ್ಪದೆ. ಆಗದ ಮಾತು. 554 ಅಂದರೆ ಪಂದ್ಯಕ್ಕೆ ಹೆಚ್ಚು ಕಡಿಮೆ ಒಂದು. ಅದೇ ಎಷ್ಟು ದೊಡ್ಡದು ಅಲ್ವಾ? ಅದಕ್ಕೆ ಬಾಲ ಕಟ್ಟುವ ಅಗತ್ಯವೇ ಇರಲಿಲ್ಲ.

ಸಂಜೆ ಸ್ಟ್ರೈಕರ್
ಮೇಷ್ಟ್ರೇ, ನಿಮ್ಮ ಬಾಯಿಗೆ ಮೈಸೂರು ಪಾಕು ಹಾಕಬೇಕು. ಅದು ಬಿ ಬ್ಲಾಕಿನಲ್ಲಿದೆ ಅಷ್ಟೇ.

ಕಂಟೋನ್ಮೆಂಟ್ ಅಂಕಲ್
ಮೇಷ್ಟ್ರ ಲೆಕ್ಕ ಪೇಪರಿನ ಲೆಕ್ಕ. ಪೇಪರಿಗೆ ಬಾರದ ಪಂದ್ಯ ಎಷ್ಟೋ ಇರುತ್ತೆ. ನಾನು ಚಿಕ್ಕವನಿದ್ದಾಗ ಆಸ್ಟಿನ್ ಟೌನ್, ಮರ್ಫಿ ಟೌನ್ ಕಡೆ ಸಂಜೆಗೊಂದು ಪಂದ್ಯ. ಜನ ಮರದ ಮೇಲೆ ಕೂತು ನೋಡೋರು. ಯಾವ ಪೇಪರಿನವನು ಬರುತ್ತಿದ್ದ? ನನ್ನ ಸೋದರಮಾವ ಒಂದೇ ಸಂಜೆ ಐದು ಗೋಲು ಹೊಡೆದದ್ದನ್ನು ನಾನು ಕಣ್ಣಾರೆ ನೋಡಿದ್ದೀನಿ. ಪೇಪರಿನಲ್ಲಿ ಇಲ್ಲ. ಅಂದರೆ ಹೊಡೆದಿಲ್ಲ ಅಂತಾನಾ?

ಲೆಕ್ಕದ ಮೇಷ್ಟ್ರು
ಅಂಕಲ್, ಹೊಡೆದಿದ್ದಾರೆ. ಆದರೆ ಲೀಗಿನ ಲೆಕ್ಕಕ್ಕೆ ಸೇರಿಸೋಕಾಗಲ್ಲ.

ಕಂಟೋನ್ಮೆಂಟ್ ಅಂಕಲ್
ಪೆಲೆಯ 1283ರಲ್ಲಿ ಫ್ರೆಂಡ್ಲಿ ಪಂದ್ಯ ಸೇರಿಲ್ವಾ? ಮಿಲಿಟರಿ ಟೀಮಿಗೆ ಹೊಡೆದದ್ದು ಸೇರಿಲ್ವಾ? ಪೆಲೆಗೊಂದು ನ್ಯಾಯ, ಈ ಮನುಷ್ಯನಿಗೊಂದು ನ್ಯಾಯವಾ?

ಮೂರನೇ ಪೆನಾಲ್ಟಿ
ಅಂಕಲ್‌ಗೆ ನನ್ನ ಓಟು. ಮೊದಲ ಸಲ ಇಬ್ಬರೂ ಒಂದೇ ಕಡೆ!

ಬೆಂಚಿನ ಹುಡುಗಿ
ಅಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು ಅನ್ನೋದನ್ನ ಓದಿ ನಗು ಬಂತು. ನಮ್ಮಪ್ಪನೂ ಹೀಗೇ. ಹಾಸನದಲ್ಲಿ ನಮ್ಮ ಮನೆಗೆ ಹಾಲು ಹಾಕುವವರ ಲೆಕ್ಕದ್ದು ಒಂದು ಉದ್ದನೆಯ ಪುಸ್ತಕ ಇತ್ತು, ಅಡುಗೆಮನೆ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ್ದು. ಮುಂದಿನಿಂದ ಹಾಲು, ಹಿಂದಿನಿಂದ ನನ್ನ ಗೋಲು. ಗೋಲು ಕಾಯುವ ಮೊದಲು ಶಾಲೆಯಲ್ಲಿ ಫಾರ್ವರ್ಡ್ ಆಡುತ್ತಿದ್ದೆ. "ಮಂಗಳವಾರ, 2 ಗೋಲು, ಒಂದು ಎಡಗಾಲು, ಮೈದಾನ ಕೆಸರು." ಅದರ ಪಕ್ಕದಲ್ಲೇ "ಅರ್ಧ ಲೀಟರ್ ಹೆಚ್ಚು, ನೆಂಟರು."

ಒಂದು ದಿನ ನಾನು ಹೊಡೆದದ್ದು ಮೂರು. ಪುಸ್ತಕದಲ್ಲಿ ನೋಡಿದರೆ ನಾಲ್ಕು. ಏನಪ್ಪಾ ಇದು ಅಂದೆ. "ಕಂಬಕ್ಕೆ ಬಡಿದದ್ದು ಗಾಳಿ ಇಲ್ಲದಿದ್ದರೆ ಒಳಗೇ ಹೋಗ್ತಿತ್ತು" ಅಂದರು. ಹೊಡೆದು ಹಾಕೋಕೆ ಒಪ್ಪಲೇ ಇಲ್ಲ. ಹಾಗಾಗಿ ಮೇಷ್ಟ್ರೇ, ಅಪ್ಪಂದಿರ ಲೆಕ್ಕವನ್ನು ಜಾಸ್ತಿ ನಂಬಬೇಡಿ.

ಲೆಕ್ಕದ ಮೇಷ್ಟ್ರು
ಇಲ್ಲಿಗೆ ಚರ್ಚೆ ಮುಗಿಸಬಹುದು ಅನ್ನಿಸುತ್ತೆ.

ಸಾವೊ ಪಾಲೊ ಕನ್ನಡಿಗ
ಮುಗಿಸಬೇಡಿ, ನಾನು ಈಗ ತಾನೇ ನೋಡಿದೆ. ಕೆಲಸದ ಮೇಲೆ ಮೂರು ವರ್ಷದಿಂದ ಇಲ್ಲಿದ್ದೇನೆ. ಇಲ್ಲಿನವರು ಅವರ ಹೆಸರನ್ನು ಮೊಟಕು ಮಾಡಿ ಫ್ರೀಡ್ ಅನ್ನುತ್ತಾರೆ. ರಾಗಿಮುದ್ದೆಯವರು ಹಾಗೇ ಕರೆಯಬಹುದು.

ಬರೀ ಗೋಲಿನ ಲೆಕ್ಕ ಹಿಡಿದುಕೊಂಡು ಕೂತರೆ ಈ ಮನುಷ್ಯನ ಕತೆಯೇ ತಪ್ಪಿಹೋಗುತ್ತೆ. ಬ್ರೆಜಿಲ್‌ನಲ್ಲಿ ಗುಲಾಮಗಿರಿ ಕಾನೂನು ಪ್ರಕಾರ ಮುಗಿದದ್ದು 1888ರ ಮೇ 13ಕ್ಕೆ. ಫ್ರೀಡ್ ಹುಟ್ಟಿದ್ದು ನಾಲ್ಕೇ ವರ್ಷ ಆದ ಮೇಲೆ. ಅಪ್ಪ ಜರ್ಮನ್ ಮನೆತನದವರು. ಅಮ್ಮ ಕಪ್ಪು ಹೆಂಗಸು, ಗುಲಾಮಗಿರಿಯಿಂದ ಬಿಡುಗಡೆಯಾದವರ ಮನೆಯವರು. ಮಗನಿಗೆ ಅಪ್ಪನ ಹಸಿರು ಕಣ್ಣು, ಅಮ್ಮನ ಗುಂಗುರು ಕೂದಲು.

ಫುಟ್‌ಬಾಲ್ ಆಗ ದೊಡ್ಡವರ ಮನೆ ಆಟ. ಚಾರ್ಲ್ಸ್ ಮಿಲ್ಲರ್ ಇಂಗ್ಲೆಂಡಿನಲ್ಲಿ ಓದು ಮುಗಿಸಿ 1894ರಲ್ಲಿ ಎರಡು ಚೆಂಡು ತಂದು ಇಲ್ಲಿ ಆಟ ಶುರು ಮಾಡಿದ ಅನ್ನುತ್ತಾರಲ್ಲ, ಅವನು ರೈಲ್ವೆ ಕಂಪನಿಯ ದೊಡ್ಡ ಇಂಜಿನಿಯರ್ ಮಗ. ಕ್ಲಬ್ಬಿಗೆ ಸೇರೋಕೆ ದುಡ್ಡೂ ಬೇಕು, ಬಣ್ಣವೂ ಬೇಕು. ಕಪ್ಪು ಹುಡುಗರು ನದಿ ಬದಿಯ ಬಯಲಿನಲ್ಲಿ ಆಡುತ್ತಿದ್ದರು. ಆ ಬಯಲಿಗೆ ವಾರ್ಜಿಯ ಅಂತಾರೆ. ಈಗಲೂ ಗಲ್ಲಿ ಟೂರ್ನಿಗಳಿಗೆ ಅದೇ ಹೆಸರು. ಫ್ರೀಡ್‌ಗೆ ಮೊದಲ ಬಾಗಿಲು ತೆರೆದದ್ದು ಜರ್ಮನ್ನರ ಕ್ಲಬ್ಬು ಜೆರ್ಮೇನಿಯ, ಅದೂ ಅಪ್ಪನ ಹೆಸರಿನಿಂದ. ಆ ಕ್ಲಬ್ಬು ಈಗಲೂ ಇದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಜರ್ಮನ್ ಹೆಸರು ಬೇಡವಾಗಿ ಪಿನ್ಯೇರೋಸ್ ಆಯಿತು.

ಬೆಂಚಿನ ಹುಡುಗಿ
ಕೂದಲಿನ ಕತೆ ಹೇಳಿ ಸರ್, ಅದನ್ನೇ ಕಾಯ್ತಿದ್ದೆ.

ಸಾವೊ ಪಾಲೊ ಕನ್ನಡಿಗ
ಪಂದ್ಯಕ್ಕೆ ಮೊದಲು ಡ್ರೆಸ್ಸಿಂಗ್ ರೂಮಿನಲ್ಲಿ ಕೂತು ತಲೆಗೆ ಪೊಮೇಡ್ ಮೆತ್ತಿಕೊಳ್ಳುತ್ತಿದ್ದರಂತೆ. ಅದರ ಮೇಲೆ ಬಿಸಿ ಟವೆಲ್ ರುಮಾಲಿನ ಹಾಗೆ ಬಿಗಿದು ಸುತ್ತಿ, ಕೂದಲು ತಲೆಗೆ ಅಂಟಿ ನೇರವಾಗುವವರೆಗೆ ಕಾಯೋದು. ಉಳಿದ ಹತ್ತು ಜನ ಮೈದಾನದಲ್ಲಿ ನಿಂತಿದ್ದರೆ ಇವರು ಕೊನೆಗೆ ಬರುತ್ತಿದ್ದರು. ಕೆಲವು ಸಲ ಕೂದಲಿಗೆ ಬಲೆಯನ್ನೂ ಹಾಕುತ್ತಿದ್ದರು.

ಮೂರನೇ ಪೆನಾಲ್ಟಿ
ಇದರಲ್ಲಿ ಏನಿದೆ? ಸ್ಟೈಲ್ ಅಷ್ಟೇ. ಈಗಿನ ಆಟಗಾರರು ವಾರಕ್ಕೊಂದು ಕಟಿಂಗ್ ಮಾಡಿಸಲ್ವಾ?

ಬೆಂಚಿನ ಹುಡುಗಿ
ಸ್ಟೈಲಾ? ಮದುವೆಗೆ ಮೊದಲು ನಮ್ಮ ಅಕ್ಕನ ಮುಖಕ್ಕೆ ಆರು ತಿಂಗಳು ಬಿಳಿ ಕ್ರೀಮ್ ಹಚ್ಚಿಸಿದರು. ಅದನ್ನೂ ಸ್ಟೈಲ್ ಅನ್ನಿ. ಹುಡುಗ ನೋಡೋಕೆ ಬಂದಾಗ ದೊಡ್ಡಮ್ಮ ಟ್ಯೂಬ್‌ಲೈಟ್ ಕೆಳಗೇ ಕೂರಿಸಿದ್ದರು. ಯಾಕೆ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಹಳೇ ಬೂಟು
ಹುಡುಗಿ ಹೇಳಿದ್ದು ಸರಿ. ರಿಯೊದ ಫ್ಲುಮಿನೆನ್ಸ್ ಕ್ಲಬ್ಬಿನಲ್ಲಿ 1914ರಲ್ಲಿ ಕಾರ್ಲೋಸ್ ಆಲ್ಬರ್ಟೊ ಅಂತ ಒಬ್ಬ ಆಡುತ್ತಿದ್ದ (1970ರ ಕ್ಯಾಪ್ಟನ್ ಅಲ್ಲ, ಬೇರೆ). ಅವನು ಮುಖಕ್ಕೆ ಅಕ್ಕಿ ಪೌಡರ್ ಹಚ್ಚಿಕೊಂಡು ಬರುತ್ತಿದ್ದ, ಬೆವರು ಬಂದಾಗ ಪೌಡರ್ ಇಳಿಯುತ್ತಿತ್ತು, ಎದುರು ಟೀಮಿನವರು 'ಅಕ್ಕಿ ಪೌಡರ್' ಅಂತ ಕೂಗುತ್ತಿದ್ದರು ಅಂತ ಕತೆ. ತಮಾಷೆ ಏನಂದರೆ ಈಗ ಫ್ಲುಮಿನೆನ್ಸ್‌ನವರು ಅದೇ ಬೈಗುಳವನ್ನು ತಮ್ಮ ಹೆಸರು ಮಾಡಿಕೊಂಡು ಸ್ಟೇಡಿಯಂನಲ್ಲಿ ಬಿಳಿ ಪೌಡರ್ ತೂರುತ್ತಾರೆ.

ಸಾವೊ ಪಾಲೊ ಕನ್ನಡಿಗ
1919ರಲ್ಲಿ ದೇಶವೇ ಫ್ರೀಡ್‌ನನ್ನು ಹೊತ್ತು ಮೆರೆಸಿತು ಅಲ್ವಾ? ಎರಡೇ ವರ್ಷ. 1921ರಲ್ಲಿ ಅದೇ ಟೂರ್ನಿ ಬ್ಯೂನಸ್ ಐರಿಸ್‌ನಲ್ಲಿ. ಬ್ರೆಜಿಲ್ ಟೀಮಿನಲ್ಲಿ ಫ್ರೀಡ್ ಇಲ್ಲ. ಹೊರದೇಶಕ್ಕೆ ಬಿಳಿಯರ ಟೀಮನ್ನೇ ಕಳಿಸಬೇಕು ಅಂತ ಆಗಿನ ಅಧ್ಯಕ್ಷ ಎಪಿಟಾಸಿಯೊ ಪೆಸ್ಸೊವಾ ಬಯಸಿದ್ದರು ಅಂತ ಇಲ್ಲಿ ಎಲ್ಲರೂ ಹೇಳುವ ಮಾತು. ಲಿಖಿತ ಆದೇಶ ಇತ್ತೋ ಬಾಯಿಮಾತೋ ಅನ್ನೋದರ ಮೇಲೆ ಇತಿಹಾಸಕಾರರು ಕಿತ್ತಾಡುತ್ತಾರೆ. ಆ ಸಲ ಕಪ್ ಅರ್ಜೆಂಟೀನಾಗೆ ಹೋಯಿತು. 1922ರಲ್ಲಿ ರಿಯೊದಲ್ಲಿ ಆಟ, ಫ್ರೀಡ್ ವಾಪಸ್, ಕಪ್ಪೂ ವಾಪಸ್.

ಪಿಲಿ ನಲಿಕೆ
ಬೇಕಾದಾಗ ಹುಲಿ, ಬೇಡದಾಗ ಬಣ್ಣ ನೋಡುವುದು. ಎಲ್ಲ ಊರಲ್ಲೂ ಇದೇ ಮಾರಾಯ್ರೆ.

ಕಂಟೋನ್ಮೆಂಟ್ ಅಂಕಲ್
ಬ್ರೆಜಿಲ್ ಅಂದರೆ ನೆನಪಾಯಿತು. ನಮ್ಮ ಹಲಸೂರು ಹತ್ತಿರದ ಗೌತಮಪುರ ನೋಡಿದ್ದೀರಾ? ಮಿನಿ ಬ್ರೆಜಿಲ್ ಅಂತಲೇ ಹೆಸರು. ಪೆಲೆ ಪ್ರತಿಮೆ ಇಟ್ಟಿದ್ದಾರೆ. ವಿಶ್ವಕಪ್ ಬಂತು ಅಂದರೆ ಓಣಿಗೆ ಓಣಿಯೇ ಹಳದಿ ಹಸಿರು. ಇನ್ನೊಂದು ಗೊತ್ತಾ, 1937ರಲ್ಲಿ ನಮ್ಮ ಬೆಂಗಳೂರು ಮುಸ್ಲಿಮ್ಸ್ ಟೀಮು ಬಾಂಬೆಯ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಬ್ರಿಟಿಷ್ ಮಿಲಿಟರಿ ಟೀಮುಗಳದ್ದೇ ಕಪ್ಪು ಅದು. 1938ರಲ್ಲೂ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ನಮ್ಮ ದೇಶದ ಗೋಲು ಹೊಡೆದದ್ದು ಬೆಂಗಳೂರಿನ ರಾಮನ್. 2-1ರಲ್ಲಿ ಸೋತೆವು. ಎರಡು ಪೆನಾಲ್ಟಿ ಸಿಕ್ಕಿತ್ತು, ಎರಡೂ ಹೋಯಿತು. ಟೀಮಿನಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು.

ರಾಗಿಮುದ್ದೆ
ಛೇತ್ರಿ ಬಗ್ಗೆ ಯಾರೂ ಮಾತಾಡಲ್ವಾ?

ನಿರ್ವಾಹಕ
ಛೇತ್ರಿಗೆ ಬೇರೆ ಚರ್ಚೆ ಇದೆ, ದಯವಿಟ್ಟು ಅಲ್ಲಿಗೆ ಹೋಗಿ. ಅಂಕಲ್, ರೋವರ್ಸ್ ಕಪ್ ಬಗ್ಗೆ ನೀವೇ ಒಂದು ಹೊಸ ಚರ್ಚೆ ಶುರು ಮಾಡಿ, ಚೆನ್ನಾಗಿರುತ್ತೆ.

ಕಂಟೋನ್ಮೆಂಟ್ ಅಂಕಲ್
ಹೊಸದು ಶುರು ಮಾಡೋ ಬಟನ್ ಎಲ್ಲಿದೆ ಅಂತ ನನ್ನ ಮೊಮ್ಮಗ ಬಂದ ಮೇಲೆ ಕೇಳಬೇಕು.

ಮೂರನೇ ಪೆನಾಲ್ಟಿ
ಸರಿ, ವಿಷಯಕ್ಕೆ ಬರೋಣ. ತನ್ನ ಊರಲ್ಲಿ ಹೊಡೆದದ್ದು ಬಿಡಿ. ಯುರೋಪಿನವರ ಎದುರು ಆಡಿದ್ದಾರಾ?

ಹಳೇ ಬೂಟು
ಆಡಿದ್ದಾರೆ. 1914ರ ಜುಲೈ 21, ಇಂಗ್ಲೆಂಡಿನ ಎಕ್ಸಿಟರ್ ಸಿಟಿ ರಿಯೊಗೆ ಬಂದಿತ್ತು. ಸಂಬಳಕ್ಕೆ ಆಡುವ ಗಟ್ಟಿ ಆಳುಗಳು. ಬ್ರೆಜಿಲ್ ರಾಷ್ಟ್ರೀಯ ಟೀಮಿನ ಮೊದಲ ಪಂದ್ಯ ಅದೇ. ಫ್ರೀಡ್‌ಗೆ ಎರಡು ಹಲ್ಲು ಹೋಯಿತು. ರಕ್ತ ಒರೆಸಿಕೊಂಡು ಮತ್ತೆ ಬಂದು ಆಡಿದರು. 2-0, ಬ್ರೆಜಿಲ್ ಗೆಲುವು. ಆ ಎರಡರಲ್ಲಿ ಅವರ ಗೋಲು ಒಂದೂ ಇಲ್ಲ, ಹಲ್ಲು ಮಾತ್ರ ಎರಡು.

1925ರಲ್ಲಿ ಅವರ ಕ್ಲಬ್ಬು ಪೌಲಿಸ್ತಾನೊ ಹಡಗು ಹತ್ತಿ ಯುರೋಪಿಗೆ ಹೋಯಿತು. ಪ್ಯಾರಿಸ್‌ನಲ್ಲಿ ಮೊದಲ ಪಂದ್ಯ, ಫ್ರೆಂಚರ ಟೀಮಿನ ಮೇಲೆ 7-2. ಫ್ರೀಡ್‌ದು ಮೂರು ಗೋಲು. ಆಗ ಅವರಿಗೆ 32 ವರ್ಷ. ಒಟ್ಟು ಹತ್ತು ಪಂದ್ಯ, ಒಂಬತ್ತು ಗೆಲುವು, ಸೆಟ್ ಅನ್ನುವ ಊರಿನ ಟೀಮಿನ ಎದುರು ಮಾತ್ರ 1-0 ಸೋಲು. ಫ್ರೆಂಚ್ ಪೇಪರ್‌ಗಳು 'ಫುಟ್‌ಬಾಲ್ ರಾಜರು' ಅಂತ ಬರೆದವು. ಸಾಕಾ?

ಮೂರನೇ ಪೆನಾಲ್ಟಿ
ಸಾಕು. ಆದರೆ ವಿಶ್ವಕಪ್ ಆಡಿಲ್ಲ.

ಲೆಕ್ಕದ ಮೇಷ್ಟ್ರು
ಆಡಿಲ್ಲ, ಅದು ಅವರ ತಪ್ಪಲ್ಲ. 1930ರಲ್ಲಿ ಮೊದಲ ವಿಶ್ವಕಪ್ ಆದಾಗ ರಿಯೊದ ಫೆಡರೇಷನ್‌ಗೂ ಸಾವೊ ಪಾಲೊ ಸಂಸ್ಥೆಗೂ ಜಗಳ. ಆಯ್ಕೆ ಸಮಿತಿಯಲ್ಲಿ ನಮ್ಮವರಿಲ್ಲ ಅಂತ ಸಾವೊ ಪಾಲೊದವರು ಆಟಗಾರರನ್ನೇ ಬಿಡಲಿಲ್ಲ. ಅರಾಕೆನ್ ಒಬ್ಬ ಮಾತ್ರ ಹೇಗೋ ಹೋದ. ಫ್ರೀಡ್‌ಗೆ ಆಗ 38 ಹತ್ತಿರ. ವಯಸ್ಸಾಗಿತ್ತು ಅನ್ನಬೇಡಿ. ಅದಕ್ಕೆ ಎರಡು ವರ್ಷ ಮೊದಲು, 1928ರಲ್ಲಿ, ಒಂದೇ ಪಂದ್ಯದಲ್ಲಿ ಏಳು ಗೋಲು ಹೊಡೆದಿದ್ದರು, ಉನಿಯಾವ್ ಡ ಲಾಪ ಟೀಮಿನ ಮೇಲೆ. ಸಾವೊ ಪಾಲೊ ಲೀಗಿನಲ್ಲಿ ಆ ದಾಖಲೆ 1964ರವರೆಗೂ ನಿಂತಿತ್ತು. ಮುರಿದದ್ದು ಪೆಲೆ, ಎಂಟು ಗೋಲು ಹೊಡೆದು.

ಸಂಜೆ ಸ್ಟ್ರೈಕರ್
36ನೇ ವಯಸ್ಸಲ್ಲಿ ಏಳು ಗೋಲು! ನನಗೆ 34, ಒಂದನೇ ಮಹಡಿ ಹತ್ತಿದರೆ ಏದುಸಿರು.

ಹಳೇ ಬೂಟು
ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಎವರ್ಟನ್‌ನ ಡಿಕ್ಸಿ ಡೀನ್ 39 ಲೀಗ್ ಪಂದ್ಯದಲ್ಲಿ 60 ಗೋಲು ಹೊಡೆದದ್ದು, 1927-28. ಅದರಲ್ಲಿ ಯಾರಿಗೂ ಅನುಮಾನ ಇಲ್ಲ, ಅಲ್ಲಿ ಲೀಗಿನವರೇ ಎಲ್ಲ ಬರೆದಿಟ್ಟಿದ್ದರು. 1980ರಲ್ಲಿ ತಮ್ಮದೇ ಗುಡಿಸನ್ ಪಾರ್ಕ್‌ನಲ್ಲಿ ಲಿವರ್‌ಪೂಲ್ ವಿರುದ್ಧದ ಪಂದ್ಯ ನೋಡ್ತಾ ನೋಡ್ತಾ ತೀರಿಕೊಂಡರು.

ಪಿಲಿ ನಲಿಕೆ
ಫ್ರೀಡ್ ಒಂದೂ ಪೆನಾಲ್ಟಿ ಬಿಟ್ಟಿಲ್ಲ ಅಂತ ಓದಿದ್ದೆ. 500 ಪೆನಾಲ್ಟಿಯಂತೆ!

ಲೆಕ್ಕದ ಮೇಷ್ಟ್ರು
ಸುಳ್ಳು. ಬಿಟ್ಟಿದ್ದಾರೆ. ಇಡೀ ಜೀವನದ ಗೋಲೇ 554, ಅದರಲ್ಲಿ 500 ಪೆನಾಲ್ಟಿ ಎಲ್ಲಿಂದ ಬರುತ್ತೆ?

ಸಾವೊ ಪಾಲೊ ಕನ್ನಡಿಗ
ನನಗೆ ಎಲ್ಲಕ್ಕಿಂತ ಹಿಡಿಸುವುದು 1932. ವರ್ಗಾಸ್ ಸರ್ಕಾರದ ವಿರುದ್ಧ ಸಂವಿಧಾನ ಬೇಕು ಅಂತ ಸಾವೊ ಪಾಲೊ ರಾಜ್ಯ ಜುಲೈ 9ಕ್ಕೆ ದಂಗೆ ಎದ್ದಿತು. 40 ವರ್ಷದ ಫ್ರೀಡ್ ಕ್ರೀಡಾಪಟುಗಳ ಪಡೆಯ ಜೊತೆ ಬಂದೂಕು ಹಿಡಿದು ಹೋದರು, ಲೆಫ್ಟಿನೆಂಟ್ ಆಗಿ ಬಂದರು. ಹೋಗುವ ಮೊದಲು ಮೆಡಲ್, ಟ್ರೋಫಿಗಳನ್ನು ಯುದ್ಧದ ನಿಧಿಗೆ ಕೊಟ್ಟುಬಿಟ್ಟರು. ಅಕ್ಟೋಬರ್ ಹೊತ್ತಿಗೆ ದಂಗೆ ಸೋತಿತು.

ಬೆಂಚಿನ ಹುಡುಗಿ
1962ರಲ್ಲಿ ಚೀನಾ ಯುದ್ಧಕ್ಕೆ ನಮ್ಮಜ್ಜಿ ಎರಡು ಬಳೆ ಬಿಚ್ಚಿಕೊಟ್ಟಿದ್ದರು. ಸಾಯುವವರೆಗೂ ಆ ಮಾತು ಆಡುತ್ತಿದ್ದರು. ಕೊಟ್ಟದ್ದಕ್ಕೆ ಹೆಮ್ಮೆ, ಬಳೆ ಹೋದದ್ದಕ್ಕೆ ಸಂಕಟ, ಎರಡೂ.

ಹಳೇ ಬೂಟು
ದಂಗೆ ಮುಗಿದ ಮೇಲೂ ಆಡಿದರು ಕಣ್ರೀ. ಅಲ್ಲಿಯವರೆಗೆ ಬ್ರೆಜಿಲ್‌ನಲ್ಲಿ ಸಂಬಳ ಕೊಟ್ಟು ಆಡಿಸುವಂತಿರಲಿಲ್ಲ, ಕೊಡುವವರು ಮೇಜಿನ ಕೆಳಗೆ ಕೊಡುತ್ತಿದ್ದರು. ಪೌಲಿಸ್ತಾನೊದ ದೊಡ್ಡ ಮನುಷ್ಯರು ದುಡ್ಡಿನ ಆಟ ನಮಗೆ ಬೇಡ ಅಂತ 1929ರಲ್ಲಿ ಫುಟ್‌ಬಾಲನ್ನೇ ನಿಲ್ಲಿಸಿದರು. ಅಲ್ಲಿನ ಕೆಲವರು ಸೇರಿ ಕಟ್ಟಿದ್ದು ಸಾವೊ ಪಾಲೊ ಎಫ್‌ಸಿ. 1933ರ ಮಾರ್ಚ್ 12ಕ್ಕೆ ದೇಶದ ಮೊದಲ ವೃತ್ತಿಪರ ಪಂದ್ಯ, ಸಾಂಟೋಸ್ ವಿರುದ್ಧ ಸಾವೊ ಪಾಲೊ. ಅದರ ಮೊದಲ ಗೋಲು ಯಾರದ್ದು ಹೇಳಿ? ನಲವತ್ತು ದಾಟಿದ ಇದೇ ಮನುಷ್ಯನದ್ದು. 5-1ರಲ್ಲಿ ಗೆದ್ದರು.

ಆದರೆ ನೋಡಿ, ಕಾನೂನು ಪ್ರಕಾರ ಸಂಬಳ ಸಿಗುವ ಹೊತ್ತಿಗೆ ಕಾಲು ಸೋತಿತ್ತು. ಎರಡು ವರ್ಷಕ್ಕೆ ಫ್ಲಾಮೆಂಗೊದಲ್ಲಿ ಬೂಟು ಬಿಚ್ಚಿದರು, 43ನೇ ವಯಸ್ಸಲ್ಲಿ. ಆಮೇಲೆ ಒಂದು ಬಿಯರ್ ಕಂಪನಿಯಲ್ಲಿ ಕೆಲಸ.

ಸಾವೊ ಪಾಲೊ ಕನ್ನಡಿಗ
ಕೊನೆಗೆ ನೆನಪು ಹೋಗಿತ್ತು. ತಮ್ಮ ಗೋಲುಗಳೇ ಅವರಿಗೆ ನೆನಪಿರಲಿಲ್ಲ ಅಂತಾರೆ. ತೀರಿಕೊಂಡದ್ದು 1969ರ ಸೆಪ್ಟೆಂಬರ್ 6. ಪೆಲೆ ಮರಕಾನದಲ್ಲಿ ಸಾವಿರದ ಗೋಲು ಹೊಡೆದದ್ದು ಅದೇ ವರ್ಷ ನವೆಂಬರ್ 19ಕ್ಕೆ. ದೇಶವೆಲ್ಲ ಸಾವಿರ ಸಾವಿರ ಅಂತ ಕಾಯುತ್ತಿದ್ದಾಗ ಈ ಸುದ್ದಿ ಒಳಪುಟದಲ್ಲಿ ಮುಚ್ಚಿಹೋಯಿತೇನೋ.

ರಾಗಿಮುದ್ದೆ
ಯಾರಾದರೂ ಏನಾದರೂ ಖುಷಿ ವಿಷಯ ಹೇಳ್ರಪ್ಪ.

ಬಿ ಬ್ಲಾಕ್ ನಿವಾಸಿ
ನಾನು ಹೇಳಲಾ? ಆ ಕನ್ನಡಕದವರು ನಾನೇ. ಮಗಳು ಈ ಚರ್ಚೆ ತೋರಿಸಿದಳು. 1329 ಅನ್ನೋದನ್ನು ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಹಳೇ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಓದಿದ್ದು, ನಲವತ್ತು ವರ್ಷ ತಲೆಯಲ್ಲಿಟ್ಟುಕೊಂಡಿದ್ದೆ. ಮೇಷ್ಟ್ರು ಒಂದೇ ರಾತ್ರಿಯಲ್ಲಿ ಕಿತ್ತು ಹಾಕಿದರು. ನ್ಯಾಯವಾಗಿ ನೋಡಿದರೆ ಪೆಲೆ ಅಂದದ್ದೂ ಪೂರ್ತಿ ಸರಿಯಲ್ಲ, ಯಾವ ಪಂದ್ಯ ಎಣಿಸುತ್ತೀರಿ ಅನ್ನೋದರ ಮೇಲೆ ಹೋಗುತ್ತೆ. ಹಾಗಾಗಿ ಮೈಸೂರು ಪಾಕು ಅರ್ಧ ಅರ್ಧ ಮಾಡೋಣ. ಆದರೆ ಈಗ ಉಳಿದಿರೋದು ಕಾಲು ಕೆಜಿ.

ಸಂಜೆ ಸ್ಟ್ರೈಕರ್
ಸರ್! ಸಂಜೆ ಆರಕ್ಕೆ ಬರ್ತೀನಿ. ಡಬ್ಬಿ ತರ್ತೀನಿ. ಕ್ವಿಜ್ ಮಾಸ್ಟರ್‌ಗೆ ಮಾತ್ರ ಏನೂ ಕೊಡಬೇಡಿ.

ಲೆಕ್ಕದ ಮೇಷ್ಟ್ರು
ನನ್ನ ಪಾಲು?

ಬೆಂಚಿನ ಹುಡುಗಿ
ನಿನ್ನೆ ಅಮ್ಮನಿಗೆ ಫೋನ್ ಮಾಡಿ ಆ ಹಾಲಿನ ಪುಸ್ತಕ ಇದೆಯಾ ಅಂತ ಕೇಳಿದೆ. ಅಪ್ಪ ಹೋಗಿ ಆರು ವರ್ಷ ಆಯಿತು, ಪುಸ್ತಕ ಅಟ್ಟದ ಮೇಲೆ ಟ್ರಂಕಿನಲ್ಲಿ ಸಿಕ್ಕಿತು. ಕೊನೇ ಹಾಳೆಯಲ್ಲಿ ಒಟ್ಟು ಕೂಡಿ ಗೆರೆ ಎಳೆದಿದ್ದಾರಂತೆ. ಅಮ್ಮ ಫೋನಲ್ಲಿ 143 ಅಂತ ಓದಿದರು. ಫೋಟೊ ಕಳಿಸು ಅಂದೆ. ಫೋಟೊದಲ್ಲಿ ನೋಡಿದರೆ 134.

ಲೆಕ್ಕದ ಮೇಷ್ಟ್ರು
ಕಂಬಕ್ಕೆ ಬಡಿದದ್ದು ಒಂಬತ್ತು ಇರಬಹುದು ಕಣಮ್ಮ. 143 ಅಂತಲೇ ಇಟ್ಟುಕೋ.

ರಾಗಿಮುದ್ದೆ
ಅದಿರಲಿ, ಹಾಲಿನ ಬಾಕಿ ತೀರಿಸಿದ್ದರಾ?